ಗುವಾಹಟಿಯ ವಿಮಾನದಲ್ಲಿ ದ್ವಾದಶಿ

ತಿಥಿ ನಕ್ಷತ್ರಗಳನ್ನು ನಡೆಸುವ, ನನ್ನ ತಪ್ಪುಗಳನ್ನು ಇಂದಿಗೂ ಸಹಿಸಿಕೊಂಡಿರುವ ಶ್ರೀಹರಿಗೆ ಕೃತಜ್ಞತೆಯಿಂದ ನಮಿಸಿ ಇದನ್ನು ಬರೆಯುತ್ತಿದ್ದೇನೆ.

ಏಕಾದಶಿಯಂದು ನಮ್ಮ ಮನೆಯಲ್ಲಿ ಹನಿ ನೀರನ್ನೂ ಮುಟ್ಟುವುದಿಲ್ಲ. ಮರುದಿನ ಸೂರ್ಯೋದಯವಾದ ಮೇಲೆ, ದ್ವಾದಶಿ ತಿಥಿ ಮುಗಿಯುವುದರೊಳಗೆ, ಸಾಲಿಗ್ರಾಮದ ತೀರ್ಥ ತೆಗೆದುಕೊಂಡು ಉಪವಾಸ ಬಿಡಬೇಕು, ಅದೇ ಪಾರಣೆ. ತೀರ್ಥವಿಲ್ಲದೆ ಪಾರಣೆಯಿಲ್ಲವೆಂದು ಮದುವೆಯಾದ ವರ್ಷವೇ ಹೆಂಡತಿಗೆ ವಿಧಿಸಿದವನು ನಾನು.

ಆ ಸಲ ದ್ವಾದಶಿಯಂದೇ ಮೊಮ್ಮಗಳ ನಾಮಕರಣಕ್ಕೆಂದು ಹೈದರಾಬಾದಿನಿಂದ ಗುವಾಹಟಿಗೆ ಹೊರಡಬೇಕಾಯಿತು. ವಿಮಾನ ಸೂರ್ಯೋದಯಕ್ಕೆ ಮುನ್ನವೇ ಇತ್ತು. ಉಪ್ಪಲ್ ಬಡಾವಣೆಯ ನಮ್ಮ ಮನೆಯಲ್ಲಿ ಪಂಚಾಂಗವನ್ನೂ ಟಿಕೇಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಲೆಕ್ಕ ಹಾಕಿದೆ. ದೂರ ಸುಮಾರು ಸಾವಿರದ ಏಳುನೂರು ಕಿಲೋಮೀಟರು, ಹಾರಾಟ ಎರಡೂವರೆ ತಾಸು. ಇಳಿದ ಮೇಲೂ ತಿಥಿ ಮುಕ್ಕಾಲು ತಾಸು ಉಳಿಯುತ್ತಿತ್ತು. ತಪಾಸಣೆಯವರು ಚೆಲ್ಲಿಬಿಟ್ಟಾರೆಂಬ ಭಯಕ್ಕೆ ತೀರ್ಥದ ಸಣ್ಣ ಬಾಟಲಿಯನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಸಾಮಾನಿನೊಡನೆ ಕಳಿಸಿದೆ.

ನಾನು ಎಣಿಸಿದ್ದು ಹಾರುವ ಹೊತ್ತನ್ನು ಮಾತ್ರ. ಬಾಗಿಲು ಮುಚ್ಚಿದ ಮೇಲೆ ಮಂಜು ದಟ್ಟವಾಯಿತು. ವಿಮಾನ ರನ್‌ವೇಯ ಬಳಿ ಹೋಗಿ ನಿಂತದ್ದು ಎರಡು ತಾಸು ಕದಲಲಿಲ್ಲ. ಇಳಿಯುವಂತಿಲ್ಲ, ಬೆಲ್ಟು ಬಿಚ್ಚುವಂತಿಲ್ಲ. ತೀರ್ಥ ನಮ್ಮ ಕಾಲಡಿಯಲ್ಲೇ ಎಲ್ಲೋ ಇತ್ತು. ಕೊನೆಗೆ ಮೇಲೇರಿದಾಗ ತಿಥಿ ಆಕಾಶದಲ್ಲೇ ಮುಗಿಯುವುದು ಖಚಿತವಾಯಿತು.

ಹೆಂಡತಿಯ ತುಟಿಗಳು ಒಣಗಿ ಬಿರಿದಿದ್ದವು. ಗಗನಸಖಿ ನೀರು ತಂದಳು. ಇವಳು ನನ್ನ ಮುಖ ನೋಡಿ, ಕೈಮುಗಿದು ಬೇಡವೆಂದಳು. ಕಿಟಕಿಯ ಪಕ್ಕ ಯಾದಗಿರಿ ಕಡೆಯ ಹೆಂಗಸೊಬ್ಬಳು ಕುಳಿತಿದ್ದಳು. ಸೇತುವೆ ಕೆಲಸಕ್ಕೆ ಹೋಗಿದ್ದ ಗಂಡನ ಬಳಿ ಹೊರಟವಳು. ಬಹಳ ಹೊತ್ತು ನೋಡಿ ನನ್ನ ಕಡೆ ಬಾಗಿದಳು.

“ಯಜಮಾನ್ರ, ಅಮ್ಮಾರ ತುಟಿ ಒಡದಾವು. ನೀರಿಗೂ ನಿಮ್ಮ ಅಪ್ಪಣಿ ಬೇಕೇನ್ರಿ?”

ಸಂಕಟದಲ್ಲಿ ಬರಿಯ ನೀರಿನಿಂದಲೂ ಪಾರಣೆ ಆಗುತ್ತದೆಂದು ಶಾಸ್ತ್ರವೇ ಹೇಳುತ್ತದೆ. ಗುರುಗಳ ಬಳಿ ಓದಿದ್ದೆ. ಮನೆಯಲ್ಲಿ ನಿಯಮ ಸಡಿಲವಾದೀತೆಂದು ಇವಳಿಗೆ ಹೇಳಿರಲಿಲ್ಲ.

“ನೀರು ಕುಡಿ. ಬರೇ ನೀರಿನಿಂದನೂ ಪಾರಣಿ ಆಗ್ತದ,” ಎಂದೆ.

“ಯಾವಾಗಿಂದ?”

“ಮೊದಲಿಂದನೂ. ನಿನಗ ಹೇಳಿರಲಿಲ್ಲ.”

ಅವಳು ನನ್ನನ್ನೇ ದಿಟ್ಟಿಸಿದಳು. “ಭಾಳ ಛಲೋ ಆತು. ನೆಲದ ಮ್ಯಾಲಿದ್ದಾಗ ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?”

ಆ ಹೆಂಗಸಿನ ಕೈಯಲ್ಲಿದ್ದ ನೀರಿನ ಬಾಟಲಿಗೆ ನಾನು ಕೈಚಾಚಿದೆ. ಹೆಂಡತಿ ನನ್ನ ಕೈ ಸರಿಸಿ, ಬೊಗಸೆಯನ್ನು ಆ ಹೆಂಗಸಿನ ಮುಂದೆ ಹಿಡಿದಳು. “ನೀವಽ ಹಾಕ್ರಿ, ತಂಗಿ.” ಕೃಷ್ಣನನ್ನು ನೆನೆದು ಮೂರು ಸಲ ಕುಡಿದಳು. ಆಮೇಲೆ ನನ್ನತ್ತ ನೋಡದೆಯೇ, “ಇವರಿಗೂ ಹಾಕ್ರಿ. ಇವರೂ ನಿನ್ನೆಯಿಂದ ಉಪವಾಸ ಇದ್ದಾರ,” ಎಂದಳು. ನಾನೂ ಬೊಗಸೆಯೊಡ್ಡಿದೆ.

ನೀರೆರೆದ ಆ ತಾಯಿಯ ಗಂಡ ಎತ್ತರದ ಕೆಲಸದಿಂದ ದಿನವೂ ಕ್ಷೇಮವಾಗಿ ಇಳಿಯಲಿ. ಮಂಜಿನಲ್ಲಿ ಅವಸರಪಡದ ಪೈಲಟ್ ದೀರ್ಘಾಯುವಾಗಲಿ. ಅಂದು ನಮ್ಮೊಡನೆ ಸಿಕ್ಕಿಕೊಂಡು ಕುಳಿತಿದ್ದ ಎಲ್ಲರಿಗೂ, ನನ್ನನ್ನು ಇನ್ನೂ ಪೂರ್ತಿ ಕ್ಷಮಿಸಿರದ ನನ್ನ ಹೆಂಡತಿಗೂ, ಒಳಿತಾಗಲಿ.