ರಿಪೇರಿಗೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ?

"ಏನು ಮುರಿಯಿತು?"

ಕಳೆದ ತಿಂಗಳು ಸ್ಪೇನಿನ ರೋಸಾಳಿಂದ ಬಂದ ಮೆಸೇಜ್ ಇಷ್ಟೇ. ಉತ್ತರ ಟೈಪ್ ಮಾಡಲು ಕೂತವಳು ಚಹಾ ಆರಿಹೋದರೂ ಕೂತೇ ಇದ್ದೆ.

ನಾನು ಹಂಪಿಯಲ್ಲಿ ಗೈಡ್ ಎನ್ನುವುದು ನಿಮಗೆ ಗೊತ್ತು. ಸ್ಪ್ಯಾನಿಷ್ ಮಾತಾಡುವ ಟೂರಿಸ್ಟ್‌ಗಳು ಬಂದರೆ ಫೋನ್ ನನಗೇ ಬರುತ್ತದೆ. ರೋಸಾ ಹಾಗೆ ಬಂದು ಗೆಳತಿಯಾದವಳು. ನನ್ನ ಸ್ಪ್ಯಾನಿಷ್ ತಿದ್ದುವುದೆಂದರೆ ಆಕೆಗೆ ಎಲ್ಲಿಲ್ಲದ ಉತ್ಸಾಹ.

ಹೊಸಪೇಟೆಯ ನನ್ನ ಮನೆಯಲ್ಲಿ ಕೆಲಸ ಶುರು ಮಾಡಿಸುತ್ತಿದ್ದೇನೆ ಎಂದು ಆಕೆಗೆ ಬರೆಯಬೇಕಿತ್ತು. ಮೊದಲು 'ರೆಸ್ತಾವ್ರಾರ್' ಎಂದು ಬರೆದೆ. (ಹಂಪಿ ಬಜಾರಿನ ಕಲ್ಲುಮಂಟಪಗಳ ಮುಂದೆ ನಿಂತು ಜೀರ್ಣೋದ್ಧಾರಕ್ಕೆ ದಿನಾ ಹೇಳುವ ಪದ. ಕೈಗೆ ಅದೇ ಬಂತು.) "ನಿನ್ನ ಮನೆಯೇನು ರಾಜರ ಕಾಲದ್ದಾ?" ಎಂದು ನಕ್ಕಳು. ಸರಿ, 'ರೆಪಾರಾರ್' ಎಂದು ತಿದ್ದಿದೆ. ಅದು ಕೆಟ್ಟದ್ದನ್ನೋ ಮುರಿದದ್ದನ್ನೋ ಸರಿ ಮಾಡುವುದಕ್ಕೆ ಬಳಸುವ ಪದ. ಆಗಲೇ ಬಂದದ್ದು ಆ ಪ್ರಶ್ನೆ.

ಏನೂ ಮುರಿದಿರಲಿಲ್ಲ. ನಲ್ಲಿ ಸೋರುತ್ತಿರಲಿಲ್ಲ. ಗೋಡೆ ಬಿರುಕು ಬಿಟ್ಟಿರಲಿಲ್ಲ. ತಂಗಿ ಗಿರಿಜಾ ಮದುವೆಯಾಗಿ ಸಂಡೂರಿಗೆ ಹೋಗಿದ್ದಳು, ಅಷ್ಟೇ.

ನಾನು, ಗಿರಿಜಾ ಇಬ್ಬರೂ ಮದುವೆಯಿಲ್ಲದೆ ನಲವತ್ತು ದಾಟಿದವರು. ಇನ್ನು ಇವರಿಬ್ಬರದು ಹೀಗೇ ಎಂದು ಊರವರು ತೀರ್ಮಾನಿಸಿಬಿಟ್ಟಿದ್ದರು. (ನಾನೂ ತೀರ್ಮಾನಿಸಿದ್ದೆ.) ಅಷ್ಟರಲ್ಲಿ ಸಂಡೂರಿನ ಮೇಷ್ಟ್ರೊಬ್ಬರು ಟ್ರೇನಿಂಗ್‌ಗೆಂದು ಅವಳು ಪಾಠ ಮಾಡುವ ಸ್ಕೂಲಿಗೆ ಬಂದರು. ಮಾತು ಬೆಳೆಯಿತು. ಮದುವೆ ಸೀರೆ ಆರಿಸಿದವಳು ನಾನೇ. ಖುಷಿಯಿಂದಲೇ ಆರಿಸಿದೆ, ನಂಬಿ.

ಆಮೇಲೆ ಶುರುವಾಯಿತು ನೋಡಿ. ಅನ್ನ ದಿನಾ ಮಿಕ್ಕುತ್ತಿತ್ತು. ಟೀವಿಯಲ್ಲಿ ಏನಾದರೂ ತಮಾಷೆ ಬಂದರೆ ನಕ್ಕು ಪಕ್ಕಕ್ಕೆ ತಿರುಗುತ್ತಿದ್ದೆ. ಅಡುಗೆಮನೆಗೆ ಹೋಗುವಾಗಲೆಲ್ಲ ಅವಳ ರೂಮಿನ ಮುಚ್ಚಿದ ಬಾಗಿಲು. ಒಂದು ದಿನ ತಡೆಯಲಾಗದೆ ಗೌಂಡಿ ಹುಸೇನಪ್ಪನವರನ್ನು ಕರೆಸಿದೆ. ಅವಳ ರೂಮಿಗೂ ಹಾಲಿಗೂ ನಡುವಿನ ಗೋಡೆ ತೆಗೆದು ಒಂದೇ ಹಾಲ್ ಮಾಡಿಸಿದರೆ ಹೇಗೆ?

ಅವರು ಗೋಡೆ ತಟ್ಟಿ ನೋಡಿದರು. "ಅಕ್ಕಾರ, ಇದರ ಮ್ಯಾಲ ಭಾರ ಏನಿಲ್ರಿ. ತೆಗೆದ್ರ ಹಾಲ್ ಮಸ್ತ್ ಆಗ್ತೈತಿ. ಶುರು ಮಾಡ್ಲೇನ್ರಿ?"

"ತಡೀರಿ. ಗಿರಿಜಾ ಬರ್ಲಿ. ಆಕಿ ರೂಮದು."

ಭಾನುವಾರ ಗಿರಿಜಾ ಬಂದಳು. ವಿಷಯ ಕೇಳಿ ರೂಮಿನ ನಡುವೆ ನಿಂತು ಸುತ್ತ ಕಣ್ಣಾಡಿಸಿದಳು. ನಾನು ಬಾಗಿಲಲ್ಲೇ ನಿಂತು ಕಾದೆ. ಸಿಟ್ಟಾಗಲಿ, 'ನನ್ನ ರೂಮ್ ಯಾಕ ಕೆಡವ್ತಿ' ಎಂದು ಜಗಳ ತೆಗೆಯಲಿ. 'ಬ್ಯಾಡಂದ್ರ ಬ್ಯಾಡ ಬಿಡು' ಎಂಬ ಉತ್ತರ ನನ್ನ ಬಾಯಲ್ಲಿ ತಯಾರಾಗಿತ್ತು.

"ಭಾಳ ಚಲೋ ಐಡಿಯಾ ಅಕ್ಕ!" ಎಂದಳು. "ಕೆಡವಿಸಿಬಿಡು. ಗಾಳಿ, ಬೆಳಕು ಬರ್ತೈತಿ."

"ನೀ ಬಂದ್ರ ಎಲ್ಲಿ ಮಲಗ್ತಿ?"

"ಮಲಗೋದ್ ಯಾಕ? ಸಂಡೂರ್ ಏನ್ ದೂರ? ಸಂಜಿ ಬಸ್ಸಿಗೆ ಹೊಳ್ಳಿ ಹೋದ್ರಾತು."

ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ, ಸಿಟ್ಟು ಮಾಡಿಕೊಳ್ಳಲು ನನಗೆ ಜಾಗವೇ ಸಿಗಲಿಲ್ಲ. ಇಬ್ಬರೂ ಊಟ ಮಾಡಿದೆವು. ಕಪಾಟಿನಲ್ಲಿ ಉಳಿದಿದ್ದ ಸೀರೆಗಳನ್ನು ಬ್ಯಾಗಿಗೆ ತುಂಬಿಕೊಂಡಳು. ಬಸ್ಸಿನ ಕಿಟಕಿಯಿಂದ ಕೈ ಬೀಸುವಾಗ ಅವಳ ಮುಖದಲ್ಲಿ ಎಂಥ ಕಳೆ! ನೋಡಿ ನನಗೂ ಖುಷಿಯಾಯಿತು. (ವಾಪಸ್ ಬರಲು ಆಟೋ ಹತ್ತುವವರೆಗೆ.)

ಅದೆಲ್ಲವನ್ನೂ ಕೊನೆಗೆ ರೋಸಾಗೆ ಬರೆದೆ. ಈ ಸಲ ಅವಳು ನಗಲಿಲ್ಲ. "ಹಾಗಾದರೆ ಪದ 'ರೆಫೋರ್ಮಾರ್'," ಎಂದು ಬರೆದಳು. ಮನೆಯಲ್ಲಿ ಏನೂ ಕೆಟ್ಟಿಲ್ಲ, ಆದರೆ ಈಗಿನ ಬದುಕಿಗೆ ತಕ್ಕಂತೆ ಅದನ್ನು ಬದಲಾಯಿಸುತ್ತಿದ್ದೀರಿ ಎಂದರೆ ಅದೇ ಪದವಂತೆ. ಸರಿಪಡಿಸುವುದಕ್ಕೆ ಇನ್ನೊಂದು ಪದವಿದೆ, 'ಅರ್ರೆಗ್ಲಾರ್'. ನಲ್ಲಿಗೂ ನಡೆಯುತ್ತದೆ, ಇಬ್ಬರ ನಡುವಿನ ಜಗಳಕ್ಕೂ ನಡೆಯುತ್ತದೆ. ಆದರೆ ನಮ್ಮಲ್ಲಿ ಜಗಳವೇ ಆಗಲಿಲ್ಲವಲ್ಲ?

ನಮಗೆ ಇಷ್ಟೆಲ್ಲ ತಲೆನೋವಿಲ್ಲ. ಮಿಕ್ಸಿಗೂ ರಿಪೇರಿ, ರೋಡಿಗೂ ರಿಪೇರಿ. ಆದರೂ ಯೋಚಿಸಿ. ಮನೆಯಿಂದ ಒಬ್ಬರು ಹೊರಟುಹೋದ ಮೇಲೆ ನಾವು ಇದ್ದಕ್ಕಿದ್ದಂತೆ ಪೇಂಟರ್‌ನನ್ನು ಕರೆಯುತ್ತೇವೆ, ಮಂಚದ ದಿಕ್ಕು ಬದಲಿಸುತ್ತೇವೆ, ಹೊಸ ಪರದೆ ತರುತ್ತೇವೆ. ನಿಜಕ್ಕೂ ಪರದೆ ಹಳೆಯದಾಗಿತ್ತೇ?

ಗೋಡೆ ಹೋಯಿತು. ಧೂಳು ಗುಡಿಸಿದ್ದಾಯಿತು, ಸುಣ್ಣ ಬಳಿದದ್ದಾಯಿತು. ಈಗ ಓಣಿಯವರು ಒಬ್ಬೊಬ್ಬರಾಗಿ ನೋಡಲು ಬರುತ್ತಿದ್ದಾರೆ.

"ಮನಿ ಎಷ್ಟ್ ದೊಡ್ಡದಾತ್ರಿ ಅಕ್ಕಾರ!" ಎಂದು ಎಲ್ಲರೂ ಹೊಗಳುತ್ತಾರೆ.

ಇಷ್ಟು ದೊಡ್ಡ ಮನೆ ಯಾರಿಗೆ ಎಂದು ಮಾತ್ರ ಒಬ್ಬರೂ ಕೇಳುತ್ತಿಲ್ಲ.