ಮಿಲ್ಲಿನ ಕಾಕ ಇಟ್ಟ ಹೆಸರು

ಹುಬ್ಬಿನಲ್ಲಿ, ಕಿವಿಯ ಕೂದಲಿನಲ್ಲಿ, ರೆಪ್ಪೆಯ ತುದಿಯಲ್ಲೂ ತೌಡು. ಮಡಂತ್ಯಾರಿನ ಅಕ್ಕಿ ಮಿಲ್ಲಿನ ಕಾಕನನ್ನು ನಾನು ತೌಡಿಲ್ಲದೆ ಕಂಡದ್ದು ಪೆರ್ನಾಲ್, ಅಂದರೆ ಈದ್ ಹಬ್ಬದ ದಿನ ಮಾತ್ರ. ಆಗ ಅವರ ಗುರುತೇ ಸಿಗುತ್ತಿರಲಿಲ್ಲ. ಒಂದು ಕಾಳು ಕಚ್ಚಿ ನೋಡಿ ಭತ್ತದ ತಳಿ ಯಾವುದು, ಎಷ್ಟು ಬಿಸಿಲು ಕಂಡಿದೆ ಎಂದು ಹೇಳಿಬಿಡುತ್ತಿದ್ದರು. ಸರಿಯಾಗಿ ಒಣಗಿಸದೆ ತಂದವರಿಗೆ, "ಇದನ್ನು ಮಿಲ್ಲಿಗೆ ಯಾಕೆ ತಂದದ್ದು ಮಾರಾಯ, ಗದ್ದೆಗೇ ಕೊಂಡೋಗು, ಮೊಳಕೆ ಬರ್ತದೆ" ಎನ್ನುತ್ತಿದ್ದರು.

ನನ್ನ ಹೆಸರು ಕಯಮೆ. ಈ ಹೆಸರಿನ ಇನ್ನೊಬ್ಬಳನ್ನು ನಾನು ಈವರೆಗೆ ಕಂಡಿಲ್ಲ. ಅದು ನಮ್ಮ ಕಡೆಯ ಹಳೆಯ ಭತ್ತದ ತಳಿ, ಕೆಂಪಕ್ಕಿಯದು. ಅಕ್ಕಿ ಮಾಡಿಸಲು ಹೋಗಿದ್ದ ಅಮ್ಮನಿಗೆ ಮಿಲ್ಲಿನಲ್ಲೇ ಹೆರಿಗೆ ನೋವು ಬಂತಂತೆ. ಮಿಲ್ಲಿನ ಪಿಕಪ್ ಗಾಡಿಯಲ್ಲಿದ್ದ ಕಯಮೆಯ ಗೋಣಿಗಳನ್ನು ಇಳಿಸಲೂ ಪುರುಸೊತ್ತಿಲ್ಲ. ಕಾಕ ಅವುಗಳ ಮೇಲೆಯೇ ಅಮ್ಮನನ್ನು ಮಲಗಿಸಿ, ಮಿಲ್ಲು ಗುಡಿಸುವ ಹೆಂಗಸನ್ನು ಜೊತೆಗೆ ಕೂರಿಸಿ, ಬೆಳ್ತಂಗಡಿ ಆಸ್ಪತ್ರೆಗೆ ಹೊರಟರು. ಗುರುವಾಯನಕೆರೆ ತಲುಪುವ ಮೊದಲೇ ನಾನು ಹುಟ್ಟಿಬಿಟ್ಟೆ.

ತೊಟ್ಟಿಲು ಹಾಕುವ ದಿನ ಅಪ್ಪ, "ಹೆಸರು ನೀವೇ ಹೇಳ್ಬೇಕು" ಎಂದು ಕಾಕನ ಹತ್ತಿರ ಪಟ್ಟು ಹಿಡಿದರು. ಕಾಕ ತುಂಬ ಹೊತ್ತು ಟೊಪ್ಪಿ ತಿರುಗಿಸುತ್ತಾ ಕೂತು, ಕೊನೆಗೆ "ಕಯಮೆ" ಎಂದರು. ಎಲ್ಲರೂ ತಮಾಷೆ ಎಂದುಕೊಂಡರು. ಅಪ್ಪ ಮಾತ್ರ ಹಾಗೇ ಬರೆಸಿಬಿಟ್ಟರು.

ಶಾಲೆಯಲ್ಲಿ, "ನೀನು ಕುಚ್ಚಲಕ್ಕಿಯಾ, ಬೆಳ್ತಿಗೆ ಅಕ್ಕಿಯಾ?" ಎಂದು ಕೇಳಿ ಕೇಳಿ ನನ್ನ ಜೀವ ತಿಂದರು. ಹತ್ತನೇ ತರಗತಿಯ ಪರೀಕ್ಷೆಯ ಅರ್ಜಿ ತುಂಬುವ ಮೊದಲು ಕಾವ್ಯ ಎಂದು ಬದಲಾಯಿಸಲೇಬೇಕೆಂದು ಹಠ ಮಾಡಿದೆ. "ಇಟ್ಟವರನ್ನು ಕೇಳಿ ಬಾ" ಎಂದರು ಅಪ್ಪ.

ಕಾಕ ಮಿಲ್ಲು ನಿಲ್ಲಿಸಿ ಕೇಳಿಸಿಕೊಂಡರು. ಕೋಪ ಮಾಡಲಿಲ್ಲ.

"ಬದಲು ಮಾಡುವ, ಅದಕ್ಕೇನುಂಟು. ಕಾವ್ಯ ಒಳ್ಳೆ ಹೆಸರೇ," ಎಂದರು. "ಕಯಮೆ ಬೇಯ್ಲಿಕ್ಕೆ ತಡ ಮಾಡ್ತದೆ. ಆದ್ರೆ ಬೆಳಿಗ್ಗೆ ಅದರ ಗಂಜಿ ಉಂಡವನಿಗೆ ಸಂಜೆವರೆಗೆ ಹಸಿವಿಲ್ಲ. ನಿಂಗೆ ಹಸಿವು ಗೊತ್ತಾಗ್ಬಾರ್ದು ಅಂತ ಇಟ್ಟದ್ದು." ಆಮೇಲೆ ತಾವೇ ನಕ್ಕರು. "ನಂಗೆ ಐದು ಮಕ್ಕಳು. ಮೂವರಿಗೆ ನನ್ನ ಉಮ್ಮ ಹೆಸರಿಟ್ಟದ್ದು, ಇಬ್ಬರಿಗೆ ಹೆಂಡತಿಯ ಅಣ್ಣ ದುಬೈಯಿಂದ ಬರೆದು ಕಳಿಸಿದ್ದು. ನನ್ನನ್ನು ಕೇಳಿದ್ದು ನಿನ್ನ ಅಪ್ಪ ಒಬ್ರೇ."

ಮನೆಗೆ ಬಂದು, "ಕಾಕ ಸುತರಾಂ ಒಪ್ಪಲಿಲ್ಲ" ಎಂದು ಅಪ್ಪನಿಗೆ ಸುಳ್ಳು ಹೇಳಿದೆ. ಆ ಸುಳ್ಳಿನ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಕಳೆದ ವರ್ಷ ಕಾಕ ತೀರಿಕೊಂಡರು. ಸುದ್ದಿ ಕೇಳಿ, ನಾನು ಕಲಿಸುವ ಮೂಡುಬಿದಿರೆಯ ಶಾಲೆಯಿಂದಲೇ ಹೋದಾಗ ಅವರ ಹಿರಿಯ ಮಗಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳಿಗೆ ಮಗು ಹುಟ್ಟಿದಾಗ ಮನೆಯವರೆಲ್ಲ, "ಈ ಸಲ ಹೆಸರು ನೀವೇ ಇಡಿ" ಎಂದು ಕಾಕನನ್ನು ಕೇಳಿಕೊಂಡಿದ್ದರಂತೆ.

"ಏನಂದ್ರು?" ಎಂದೆ.

"ಮಗುವಿನ ಅಪ್ಪನನ್ನು ಕೇಳಿ ಅಂದ್ರು. ನಾನು ಇಟ್ಟ ಹೆಸರು ಒಂದು ಉಂಟಲ್ಲ, ಮೂಡುಬಿದಿರೆಯಲ್ಲಿ ಟೀಚರ್ ಆಗಿದೆ ಅಂದ್ರು."

ಸಾವಿನ ಮನೆ ಎಂಬುದನ್ನು ಮರೆತು ನಾನು ಜೋರಾಗಿ ನಕ್ಕುಬಿಟ್ಟೆ.