ಚಮಚದ ಸದ್ದು, ಮೂರು ಬಾರಿ

ನಮ್ಮ ಸಮಾಜಶಾಸ್ತ್ರ ವಿಭಾಗದಲ್ಲಿ ಹತ್ತು ಜನ ಪ್ರಾಧ್ಯಾಪಕರಿದ್ದಾರೆ. ಬಡವರ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಆದರೆ ಬಡವರು ಹೇಳಿದ್ದನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಿದವಳು ಒಬ್ಬಳೇ, ನಮ್ಮ ಕಿವಿಯಕ್ಕ. ಅವಳು ವಿಭಾಗದ ಟೈಪಿಸ್ಟು. ಸಂಶೋಧಕರು ಮನೆಮನೆ ಸುತ್ತಿ ರೆಕಾರ್ಡ್ ಮಾಡಿಕೊಂಡು ಬಂದ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ ಕಾಗದಕ್ಕೆ ಇಳಿಸುವುದು ಅವಳ ಕೆಲಸ. ನಾನು ಅದೇ ಕೋಣೆಯ ಗುಮಾಸ್ತೆ. ಹನ್ನೊಂದು ವರ್ಷದಿಂದ ಎದುರುಬದುರು ಕೂತಿದ್ದೇವೆ. ನಾನು ಬಾಯಿಬಡುಕಿ, ಅವಳಿಗೆ ಕಿವಿಯೇ ಬಾಯಿ.

ಕಿವಿಯಕ್ಕ ಅನ್ನುವ ಹೆಸರು ಇಟ್ಟವಳೂ ನಾನೇ. ಬೇರೆ ಟೈಪಿಸ್ಟರು ಮಾತನ್ನಷ್ಟೇ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇವಳು ಮಾತಿನ ಹಿಂದಿರುವ ಸದ್ದನ್ನೂ ಬಿಡುವುದಿಲ್ಲ, ಬ್ರಾಕೆಟ್ ಹಾಕಿ ಬರೆಯುತ್ತಾಳೆ. (ಕೆಮ್ಮು.) (ಪಾತ್ರೆ ಇಟ್ಟ ಸದ್ದು.) (ಎಂಟು ಸೆಕೆಂಡು ಮೌನ.) ಯಾಕೆ ಇಷ್ಟು ಒದ್ದಾಟ ಅಂತ ಒಮ್ಮೆ ಕೇಳಿದ್ದಕ್ಕೆ ಅಪ್ಪನ ಕತೆ ಹೇಳಿದಳು. ಅವಳ ಅಪ್ಪ ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ಕಿವುಡಾದವರು. ಶಾಲೆಗೆ ಹೋಗುವ ಮಗಳು ಸ್ಲೇಟು ಹಿಡಿದು ಪಕ್ಕದಲ್ಲಿ ಕೂತು ಮನೆಯ ಸದ್ದನ್ನೆಲ್ಲ ಅವರಿಗೆ ಬರೆದು ತೋರಿಸುತ್ತಿದ್ದಳು. ಅಮ್ಮ ಬೈತಿದಾಳೆ. ಪಕ್ಕದ ಮನೆ ಮಗು ಅಳ್ತಿದೆ. ಯಾರೋ ಬಾಗಿಲು ತಟ್ಟಿದ್ರು. ಅಪ್ಪ ಓದಿ ಸಮಾಧಾನವಾಗಿ ತಲೆಯಾಡಿಸುತ್ತಿದ್ದರಂತೆ. ಅವರು ಹೋಗಿ ಎಷ್ಟೋ ವರ್ಷವಾದರೂ ಆ ಚಾಳಿ ಅವಳ ಕೈಬಿಟ್ಟಿಲ್ಲ.

ಈ ವರ್ಷ ಆ ಹತ್ತು ಜನರಲ್ಲಿ ಒಬ್ಬರಾದ ನಮ್ಮ ಮೇಡಂ ಲಾಂಡ್ರಿಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಪ್ರಬಂಧ ಬರೆದರು. ಹನ್ನೆರಡು ಜನರನ್ನು ಮಾತಾಡಿಸಿದ್ದರು. ಯಾರ ಹೆಸರೂ ಹೊರಗೆ ಬರುವುದಿಲ್ಲ ಅಂತ ಎಲ್ಲರಿಗೂ ಮಾತು ಕೊಟ್ಟಿದ್ದರು, ಆದ್ದರಿಂದ ಕಾಗದದಲ್ಲಿ ಅವರಿಗೆಲ್ಲ ಬರೀ ನಂಬರು. ಕಿವಿಯಕ್ಕನ ಮನಸ್ಸಿಗೆ ಅಂಟಿಕೊಂಡವಳು ಏಳನೆಯವಳು. ಅವಳ ರೆಕಾರ್ಡಿಂಗೇ ನಾಲ್ಕು ಗಂಟೆಯಿತ್ತು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿ. ಅಲ್ಲಿ ಒಳಗಡೆ ಒಂದು ಇಸ್ತ್ರಿ ಕೋಣೆ. ಕೆಲಸ ಶುರುವಾದರೆ ಹೊರಗಿನಿಂದ ಬೀಗ. ಯಾರೂ ಮಧ್ಯೆ ಎದ್ದು ಹೋಗಬಾರದಲ್ಲ, ಅದಕ್ಕೆ. ಒಮ್ಮೆ ಒಳಗೆ ಹಬೆಯ ಪೈಪು ಒಡೆದು, ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಇಬ್ಬರ ಮೈ ಸುಟ್ಟಿತ್ತು. ಇದನ್ನು ಹೊರಗೆ ಹೇಳಿದವಳು ಆ ಲಾಂಡ್ರಿಯಲ್ಲಿ ಏಳನೆಯವಳೊಬ್ಬಳೇ.

ಅವಳ ತಾಯಿಗೆ ಲಕ್ವ ಹೊಡೆದು ಮಾತು ನಿಂತಿದೆ. ಏನಾದರೂ ಬೇಕಾದರೆ ತಟ್ಟೆಯ ಮೇಲೆ ಚಮಚದಿಂದ ಮೂರು ಬಾರಿ ಬಡಿಯುತ್ತಾರೆ. ರೆಕಾರ್ಡಿಂಗಿನ ಉದ್ದಕ್ಕೂ ಆ ಸದ್ದು, ಅದರ ಹಿಂದೆಯೇ "ಬಂದೆ ಅಮ್ಮಾ" ಅನ್ನುವ ಮಗಳ ದನಿ. ಕಿವಿಯಕ್ಕ ಒಂದನ್ನೂ ಬಿಡದೆ ಬರೆದಿದ್ದಳು: (ಚಮಚದ ಸದ್ದು, ಮೂರು ಬಾರಿ). ಓದಿದ ಮೇಡಂ ಕಣ್ಣು ಒದ್ದೆಯಾಗಿತ್ತು. ನಾನೇ ನೋಡಿದ್ದೇನೆ, ಸುಳ್ಳು ಹೇಳಲಾರೆ. ಮೇಡಂ ಕೆಟ್ಟವರಲ್ಲ.

ಸಾಮಾಜಿಕ ನ್ಯಾಯ ಮತ್ತು ಅಸಮಾನತೆ ಅಂತ ನಮ್ಮಲ್ಲಿ ಎರಡು ದಿನದ ಸಮ್ಮೇಳನ ಗೊತ್ತಾಯಿತು. ಹಿಂದಿನ ದಿನ, ಬಂದವರಿಗೆ ಕೊಡುವ ಚೀಲಗಳ ಕಟ್ಟು ಬಿಚ್ಚುತ್ತಿದ್ದೆವು. ಚೀಲದ ಒಂದು ಮಗ್ಗುಲಲ್ಲಿ ನ್ಯಾಯ, ಅಸಮಾನತೆ. ಇನ್ನೊಂದು ಮಗ್ಗುಲಲ್ಲಿ, ಚೀಲ ದಾನ ಕೊಟ್ಟವರು ಅಂತ ಒಂದು ಲಾಂಡ್ರಿಯ ಹೆಸರು. ಕಿವಿಯಕ್ಕ ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

"ಇದು ಏಳನೆಯವಳ ಲಾಂಡ್ರಿ," ಅಂದಳು.

ನೇರ ಮೇಡಂ ಕೋಣೆಗೆ ಹೋದಳು. ನಾನೂ ಫೈಲು ಹಿಡಿದುಕೊಂಡು ಹಿಂದೆ ಹೋದೆ. ಮೂಗು ತೂರಿಸುವುದು ನನ್ನ ಹುಟ್ಟುಗುಣ.

"ಮೇಡಂ, ಆ ಚಮಚದ ಸದ್ದೊಂದು ತೆಗೆದುಬಿಡಿ."

"ಅಯ್ಯೋ, ಪ್ರಬಂಧದ ಜೀವ ಇರೋದೇ ಅಲ್ಲಿ! ಹೆಸರು ತೆಗೆದಿದೀವಿ, ಲಾಂಡ್ರಿ ಯಾವುದು ಅಂತ ಹೇಳ್ತಿಲ್ಲ. ನಿಯಮ ಎಲ್ಲ ಪಾಲಿಸಿದೀವಲ್ಲ?"

"ಅವರ ಓನರ್ ಆ ಸದ್ದು ಕೇಳಿದಾರೆ ಮೇಡಂ. ಹಣ್ಣು ತಗೊಂಡು ಅವಳ ಮನೆಗೆ ಹೋಗಿದ್ರಂತೆ. 'ನಿಮ್ಮಮ್ಮಂಗೆ ಮನೇಲೇ ಟೆಲಿಫೋನ್ ಇದೆಯಲ್ಲಮ್ಮ' ಅಂತ ನಕ್ಕಿದ್ರಂತೆ. ಅವಳೇ ರೆಕಾರ್ಡಿಂಗಲ್ಲಿ ಹೇಳಿದಾಳೆ."

ಮೇಡಂ ಚೀಲವನ್ನು ತಿರುಗಿಸಿ ನೋಡಿದರು. ನಮ್ಮ ಅತಿಥಿಗೃಹದ ಬಟ್ಟೆ ಆ ಲಾಂಡ್ರಿಗೇ ಹೋಗುತ್ತದೆ, ಆಡಳಿತ ಕಚೇರಿಯವರೇ ಅವರನ್ನು ಕರೆದಿದ್ದಾರೆ ಅಂದರು. ಆಮೇಲೆ ಕೈ ಆಡಿಸಿದರು. "ಬೆಳಗ್ಗೆ ಬಂದು ಫೋಟೋ ಹೊಡೆಸ್ಕೊಂಡು ಹೋಗ್ತಾರೆ ಬಿಡಿ. ನನ್ನ ಪ್ರಬಂಧ ಇರೋದು ಊಟ ಆದ್ಮೇಲೆ. ಇಂಥದ್ದನ್ನೆಲ್ಲ ಅವರು ಕೂತು ಕೇಳ್ತಾರಾ?"

ಮಾರನೆಯ ದಿನ ಉದ್ಘಾಟಕರು ಒಂದೂವರೆ ಗಂಟೆ ತಡವಾಗಿ ಬಂದರು. ಭಾಷಣವನ್ನಂತೂ ತಡಮಾಡದೆ ಶುರು ಮಾಡಿದರು, ಮುಗಿಸುವುದು ಮಾತ್ರ ಮರೆತರು. ಹೀಗಾಗಿ ದಾನಿಗಳಿಗೆ ನೆನಪಿನ ಕಾಣಿಕೆ ಕೊಡುವುದನ್ನು ಮಧ್ಯಾಹ್ನಕ್ಕೆ ಹಾಕಿದರು. ಓನರ್ ಉಳಿದುಕೊಂಡರು. ಮೃದು ಮುಖದ, ಸಣ್ಣ ದನಿಯ ಮನುಷ್ಯ. ಮುಂದಿನ ಸಾಲಿನಲ್ಲಿ ಕೂತು ಫೋನಿನಲ್ಲಿ ಏನೋ ನೋಡಿಕೊಂಡಿದ್ದರು.

ಕಿವಿಯಕ್ಕ ಹಾಲಿನ ಹಿಂಭಾಗದಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಲ್ಲವನ್ನೂ ರೆಕಾರ್ಡ್ ಮಾಡುತ್ತಿದ್ದಳು. ಮೇಡಂ ಮೈಕಿನ ಮುಂದೆ ಬಂದದ್ದೇ ಅವಳು ಅರ್ಧ ಎದ್ದು ಓನರ್ ಕಡೆ ನೋಡಿದಳು. ಒಂದು ಚೀಟಿ ಗೀಚಿ ನನ್ನ ಕೈಗೆ ತುರುಕಿದಳು. "ಓನರ್ ಎದುರಿಗೇ ಇದ್ದಾರೆ. ಚಮಚ ಬೇಡ." ಇಷ್ಟೇ ಇತ್ತು ಅದರಲ್ಲಿ. ನಾನು ತಲೆ ತಗ್ಗಿಸಿಕೊಂಡು ವೇದಿಕೆ ಹತ್ತಿ ಮೇಡಂ ಕೈ ಹತ್ತಿರವೇ ಇಟ್ಟು ಬಂದೆ.

ಈ ವಿದ್ವಾಂಸರ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಮಾತಾಡುವವರ ಮುಂದೆ ಚೀಟಿ ಬಂತೆಂದರೆ ಅದರ ಅರ್ಥ ಒಂದೇ: ಸಮಯ ಮುಗಿಯಿತು, ಕೆಳಗಿಳಿಯಿರಿ. ಆದ್ದರಿಂದ ಅನುಭವಸ್ಥರು ಯಾರೂ ಚೀಟಿ ಓದುವುದಿಲ್ಲ. ಮೇಡಂ ಚೀಟಿ ನೋಡಿದರು, ನನ್ನ ಕಡೆ ನೋಡಿ ನಕ್ಕರು, ಅದನ್ನು ಬೋರಲು ಹಾಕಿ ಮೇಲೆ ನೀರಿನ ಲೋಟ ಇಟ್ಟರು.

ಬೀಗದ ವಿಷಯ ಓದಿದರು. ಪೈಪಿನ ವಿಷಯ ಓದಿದರು. ಓನರ್ ಫೋನಿನಿಂದ ತಲೆ ಎತ್ತಲಿಲ್ಲ. ಲಾಂಡ್ರಿಗಳು ಎಷ್ಟಿಲ್ಲ, ಬೀಗಗಳು ಎಷ್ಟಿಲ್ಲ! ಆಮೇಲೆ ಮೇಡಂ ದನಿ ತಗ್ಗಿಸಿ, "ಈ ಮಾತು ಮುಗಿಯುವ ಹೊತ್ತಿಗೆ ಒಳಗಿನಿಂದ, ಮಾತು ನಿಂತ ತಾಯಿಯ ಕರೆ ಬರುತ್ತದೆ," ಎಂದು ಪೆನ್ನು ತೆಗೆದು ಲೋಟದ ಮೇಲೆ ಬಡಿದರು. ಟಿಣ್. ಟಿಣ್. ಟಿಣ್.

ಓನರ್ ತಲೆ ಎತ್ತಿದರು.

ಕೋಪ ಮಾಡಿಕೊಂಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವರು ಫೋನನ್ನು ಜೇಬಿಗೆ ಹಾಕಿ, ಕೈಕಟ್ಟಿಕೊಂಡು, ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೊನೆಯವರೆಗೂ ಕೇಳಿದರು. ಚಪ್ಪಾಳೆ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು. ಆಮೇಲೆ ಮೇಡಂ ಹತ್ತಿರ ಬಂದು, "ತುಂಬಾ ಚೆನ್ನಾಗಿತ್ತು. ಒಂದು ಪ್ರತಿ ಸಿಗುತ್ತಾ?" ಅಂದರು. ಮೇಡಂಗೆ ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆಯುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. ನೆನಪಿನ ಕಾಣಿಕೆಗೂ ಕಾಯಲಿಲ್ಲ.

ಕಿವಿಯಕ್ಕ ಓಡಿಬಂದು ಏಳನೆಯವಳ ವಿಳಾಸ ಕೇಳಿದಳು. ಮೇಡಂ ಆಗಲೇ ಲೋಟ ಎತ್ತಿ ಚೀಟಿ ಓದಿದ್ದರು. ಆದರೂ ಹೇಳಿದ್ದು ಇಷ್ಟೇ: "ವಿಳಾಸ ಯಾರಿಗೂ ಕೊಡೋ ಹಾಗಿಲ್ಲಮ್ಮ. ನಿಯಮ." ನನ್ನ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಮಾತು ಆಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಕಿವಿಯಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಎಳೆದಳು.

ದಾರಿ ಅವಳ ಬ್ರಾಕೆಟ್ಟುಗಳಲ್ಲೇ ಇತ್ತು. (ರೈಲ್ವೆ ಗೇಟಿನ ಗಂಟೆ.) (ಹಿಟ್ಟಿನ ಗಿರಣಿ.) (ಪಕ್ಕದಲ್ಲಿ ಹೊಲಿಗೆ ಯಂತ್ರ.) ಲಾಂಡ್ರಿಗೆ ನಡೆದು ಹೋಗುವಷ್ಟು ದೂರದಲ್ಲಿ ರೈಲ್ವೆ ಗೇಟು ಇರುವುದು ಒಂದೇ. ಅಲ್ಲಿ ಬಸ್ಸು ಇಳಿದು ಗಿರಣಿಯ ಗಲ್ಲಿ ಹಿಡಿದೆವು. ಕಿವಿಯಕ್ಕ ಮನೆಗಳನ್ನು ನೋಡಲಿಲ್ಲ. ತಲೆ ಒಂದು ಕಡೆ ವಾಲಿಸಿಕೊಂಡು ಕೇಳುತ್ತಾ ನಡೆದಳು. ದರ್ಜಿಯ ಅಂಗಡಿ ದಾಟುತ್ತಲೇ ಕೇಳಿಸಿತು. ಮೂರು ಬಾರಿ. ಸ್ವಲ್ಪ ಬಿಟ್ಟು ಮತ್ತೆ ಮೂರು ಬಾರಿ. ಇನ್ನೊಮ್ಮೆ.

"ಬಂದೆ ಅಮ್ಮಾ" ಬರಲಿಲ್ಲ.

"ಐದೂವರೆಗೆಲ್ಲ ಬಂದುಬಿಡ್ತಾಳೆ, ಇವತ್ತು ಯಾಕೋ..." ಅಂದ ದರ್ಜಿ. ಆಗ ಆರು ದಾಟಿತ್ತು. ಕಿವಿಯಕ್ಕ ಚಪ್ಪಲಿ ಬಿಟ್ಟು, "ಬಂದೆ ಅಮ್ಮಾ" ಅನ್ನುತ್ತಾ ಒಳಗೆ ಹೋದಳು. ಚಮಚ ಗಕ್ಕನೆ ನಿಂತಿತು. ಮುದುಕಿ ಈ ಹೊಸ ದನಿಯನ್ನು ಕಣ್ಣರಳಿಸಿ ನೋಡಿದರು. ನೀರು ಬೇಕಾಗಿತ್ತು ಪಾಪ. ಕಿವಿಯಕ್ಕ ತಲೆ ಎತ್ತಿ ಹಿಡಿದು ಕುಡಿಸಿದಳು.

ಏಳನೆಯವಳು ಬಂದಾಗ ಏಳು ಗಂಟೆ. ನಾನು ಅಂದುಕೊಂಡದ್ದಕ್ಕಿಂತ ತೀರ ಚಿಕ್ಕವಳು. ಬಾಗಿಲಲ್ಲೇ ನಿಂತು, "ಯಾರು ನೀವು?" ಅಂದಳು.

"ನಿನ್ನ ಮಾತು ಟೈಪ್ ಮಾಡಿದೋಳಮ್ಮ ನಾನು," ಅಂದಳು ಕಿವಿಯಕ್ಕ.

ಅವಳು ಚಾಪೆಯ ಮೇಲೆ ಕುಸಿದು ಕೂತಳು. ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಓನರ್ ಕೋಣೆಗೆ ಕರೆಸಿದರಂತೆ. ಏನೂ ಮಾತಾಡದೆ ಬೀಗದ ಕೈಯಿಂದ ಮೇಜಿನ ಮೇಲೆ ಮೂರು ಸಲ ಬಡಿದರಂತೆ. "ಆಮೇಲೆ, 'ಅಮ್ಮ ಹುಷಾರಾಗಿದಾರಾ ಮಗಳೇ?' ಅಂದ್ರು. 'ನಾಳೆಯಿಂದ ಒಳಗಿನ ಇಸ್ತ್ರಿ ಕೋಣೆ ನಿನಗೆ. ನೀನೊಬ್ಬಳೇ ಸಾಕು. ಬೀಗದ ಕೈ ನನ್ನ ಹತ್ರಾನೇ ಇರುತ್ತೆ' ಅಂದ್ರು."

"ಹೋಗಬೇಡ," ಅಂದೆ ನಾನು.

"ಬಿಟ್ಟರೆ ಬೇರೆ ಯಾರೂ ಸೇರಿಸಲ್ಲ. ಅವರೇ ಎಲ್ಲರಿಗೂ ಹೇಳ್ತಾರೆ. ಅಮ್ಮನ ಔಷಧಿ ಯಾರು ತರ್ತಾರೆ?" ಎಂದು, ಕಿವಿಯಕ್ಕನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ನಾನು ಹೇಳಿದ್ದು ಬರೆದ್ರಿ, ಸರಿ. ಅಮ್ಮನ ಚಮಚದ ಸದ್ದು ಯಾಕಕ್ಕ ಬರೆದ್ರಿ?"

ಕಿವಿಯಕ್ಕ ಚಮಚವನ್ನು ಮುದುಕಿಯ ಕೈಗೆಟುಕುವ ಹಾಗೆ ಇಟ್ಟು ಎದ್ದಳು. ಅಪ್ಪ, ಸ್ಲೇಟು, ಇದನ್ನೆಲ್ಲ ಅಲ್ಲಿ ಹೇಳಲು ಬರುತ್ತದೆಯೇ? ಮರಳುವ ದಾರಿಯುದ್ದಕ್ಕೂ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇಡಂ ಮತ್ತು ನಾವಿಬ್ಬರು ಸೇರಿ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದೆವು. ಬೀಗ ಹಾಕುತ್ತಾರೆಂದು ಹೇಳಿದವರ ಹೆಸರು, ಸಹಿ ಬೇಕು ಅಂದರು ಇಲಾಖೆಯವರು. ಏಳನೆಯವಳು ಕೈ ಮುಗಿದು, ಹೆಸರೊಂದು ಬೇಡ ಅಂದಳು. ಅರ್ಜಿ ನನ್ನ ಮೇಜಿನ ಖಾನೆಯಲ್ಲೇ ಇದೆ.

ಅಂದಿನಿಂದ ಕಿವಿಯಕ್ಕ ಕೆಲಸ ಬಿಟ್ಟೊಡನೆ ಆ ಗಲ್ಲಿಗೆ ಹೋಗುತ್ತಾಳೆ. ಉಳಿದ ಹೆಂಗಸರು ಐದಕ್ಕೆ ಹೊರಬಿದ್ದರೆ ಏಳನೆಯವಳಿಗೆ ಬೀಗ ತೆಗೆಯುವುದು ಆರಕ್ಕೆ. ಒಂದೊಂದು ದಿನ ಆರೂವರೆಗೆ. ಅಲ್ಲಿಯವರೆಗೆ ಚಮಚಕ್ಕೆ ಓಗೊಡುವವಳು ಇವಳು. ಮುದುಕಿಗೂ ಈಗ ಈ ದನಿ ಒಗ್ಗಿದೆ. ಏಳನೆಯವಳು ಮನೆ ಸೇರಿದ ಮೇಲೆ ಕಿವಿಯಕ್ಕ ನನಗೊಂದು ಫೋನು ಮಾಡುತ್ತಾಳೆ, "ಬಂದಳು" ಅಂತ. ಆ ಒಂದು ಮಾತು ಕೇಳುವವರೆಗೆ ನನಗೆ ಊಟ ಸೇರುವುದಿಲ್ಲ.

ಇವತ್ತು ಫೋನು ಬಂದದ್ದು ಎಂಟು ಗಂಟೆಗೆ.

"ಇನ್ನೂ ಬಂದಿಲ್ಲ," ಅಂದಳು ಕಿವಿಯಕ್ಕ. "ಲಾಂಡ್ರಿ ಕಡೆ ಹೊಗೆ ಕಾಣ್ತಿದೆ ಅಂತ ದರ್ಜಿ ಓಡಿ ಹೋದ."

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳ ದನಿಯ ಹಿಂದೆ ಚಮಚದ ಸದ್ದು ಕೇಳಿಸಿತು, ಮೂರು ಬಾರಿ. ಕಿವಿಯಕ್ಕ "ಬಂದೆ ಅಮ್ಮಾ" ಅನ್ನಲಿಲ್ಲ.